ಹಣ ಖರ್ಚಾಯಿತು, ಕೆಲಸ ಆಯಿತೇ?

ಕೇಳುಗರೆಲ್ಲರಿಗೂ ನಮಸ್ಕಾರ. ಬಜೆಟ್ ಬಂದ ದಿನ ಯಾವುದಕ್ಕೆ ಎಷ್ಟು ಕೊಟ್ಟರು ಅಂತ ಎಲ್ಲರೂ ಕೇಳುತ್ತಾರೆ. ಕೊಟ್ಟ ಹಣ ಏನಾಯಿತು ಅಂತ ಕೇಳುವುದಕ್ಕೂ ವಿಧಾನಮಂಡಲದಲ್ಲಿ ಒಂದು ಜಾಗವಿದೆ. ಅದೇ ಸಾರ್ವಜನಿಕ ಲೆಕ್ಕಪತ್ರ ಸಮಿತಿ. ಅದರ ಸಭೆಗೆ ಟಿವಿ ಕ್ಯಾಮೆರಾ ಹೋಗುವುದಿಲ್ಲ. ಹಾಗಾಗಿ ಸುದ್ದಿಯೂ ಕಡಿಮೆ.

ಸಮಿತಿಯ ಕೈಗೆ ಮೊದಲು ಬರುವುದು ಸಿಎಜಿ ವರದಿ. ಸಿಎಜಿ ಅಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಾಂವಿಧಾನಿಕ ಸಂಸ್ಥೆ. ಒಂದು ಸರ್ಕಾರಿ ಹಾಸ್ಟೆಲನ್ನೇ ತೆಗೆದುಕೊಳ್ಳಿ. ಆಡಿಟ್‌ನವರು ಸುಮ್ನೆ ಬಿಲ್ ನೋಡಿ ಎದ್ದು ಹೋಗುವುದಿಲ್ಲ. ಹಾಜರಿ ಪುಸ್ತಕ, ದಾಸ್ತಾನು ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಹಬ್ಬಕ್ಕೆ ಮಕ್ಕಳೆಲ್ಲ ಊರಿಗೆ ಹೋದ ವಾರದಲ್ಲೂ ಅಕ್ಕಿ, ಬೇಳೆ ಅಷ್ಟೇ ಖಾಲಿಯಾಗಿದೆಯೇ? ಅಲ್ಲಿಂದ ಪ್ರಶ್ನೆ ಶುರು. ಆಮೇಲೆ ಇಲಾಖೆಯವರನ್ನೇ ಜೊತೆಗೆ ಕರೆದುಕೊಂಡು ಜಂಟಿ ಪರಿಶೀಲನೆ ಮಾಡುತ್ತಾರೆ, ಫೋಟೊ ತೆಗೆಯುತ್ತಾರೆ. ಬಚ್ಚಲಲ್ಲಿ ನಲ್ಲಿ ಇದೆ, ನೀರಿಲ್ಲ ಎಂಬುದು ಬಿಲ್ಲಿನಲ್ಲಿ ಕಾಣುವುದಿಲ್ಲ. ಜೊತೆಗೇ ಬಂದು ನೋಡಿದ ಅಧಿಕಾರಿ ನಾಳೆ ಇಲ್ಲ ಅನ್ನೋಕಾಗಲ್ಲ, ಅಲ್ವಾ?

ಸಂವಿಧಾನದ 151ನೇ ವಿಧಿಯಂತೆ ಈ ವರದಿ ರಾಜ್ಯಪಾಲರಿಗೆ ಹೋಗಿ, ಅಲ್ಲಿಂದ ಸದನಕ್ಕೆ ಬರಬೇಕು. ಎಷ್ಟು ದಿನದೊಳಗೆ ಅಂತ ಮಾತ್ರ ಬರೆದಿಲ್ಲ. ಎಷ್ಟೋ ಸಲ ಅದು ಬರುವುದು ಅಧಿವೇಶನ ಮುಗಿಯುವ ಹೊತ್ತಿಗೆ. ಇನ್ನು ಚರ್ಚೆ ಎಲ್ಲಿಯದು?

ಹಾಗಾಗಿಯೇ ಸಮಿತಿಗೆ ಇಷ್ಟು ಮಹತ್ವ. ಮಂತ್ರಿಗಳು ಇದರ ಸದಸ್ಯರಾಗುವಂತಿಲ್ಲ. ವಿರೋಧ ಪಕ್ಷದವರು ಅಧ್ಯಕ್ಷರಾಗುವುದು ವಾಡಿಕೆ. ಸಂಸತ್ತಿನಲ್ಲಿ 1967ರಿಂದ ಹೀಗೇ ನಡೆದುಬಂದಿದೆ. ಎದುರಿಗೆ ಕೂತು ಉತ್ತರ ಕೊಡಬೇಕಾದವರು ಇಲಾಖೆಯ ಹಿರಿಯ ಅಧಿಕಾರಿಗಳು. ‘ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬುದು ನಮ್ಮ ಕಡತಗಳ ಬಲು ಪ್ರೀತಿಯ ಮಾತು. ಯಾರ ಮೇಲೆ, ಯಾವ ತಾರೀಕಿನಲ್ಲಿ, ಆದೇಶದ ಪ್ರತಿ ಎಲ್ಲಿ ಅಂತ ಒಬ್ಬ ಶಾಸಕ ಪಟ್ಟು ಹಿಡಿದು ಕೇಳಿದರೆ ಸಭೆಯ ಗತ್ತೇ ಬೇರೆ.

ಆದರೆ ಹಾಗೆ ಕೇಳಬೇಕಾದರೆ ಓದಿಕೊಂಡು ಬಂದಿರಬೇಕು. ನಮ್ಮ ಶಾಸಕರಿಗೆ ಕಾರಿದೆ, ಆಪ್ತ ಸಹಾಯಕರಿದ್ದಾರೆ. ಇನ್ನೂರು ಪುಟದ ವರದಿ ಓದಿ ನಾಲ್ಕು ಪ್ರಶ್ನೆ ಬರೆದುಕೊಡುವ ಸಂಶೋಧಕರು ಇಲ್ಲ. ಯೋಜನೆಗಳ ಅಧ್ಯಯನಕ್ಕೆ ರಾಜ್ಯದಲ್ಲಿ ಮೌಲ್ಯಮಾಪನ ಪ್ರಾಧಿಕಾರ ಇದೆ, ಸರಿ. ಅದು ಸರ್ಕಾರದ ಕೈಕೆಳಗಿನದು. ಶಾಸಕಾಂಗಕ್ಕೆ ತನ್ನದೇ ಓದುವವರು ಬೇಕು. ಅದಕ್ಕೆ ತಗಲುವ ಖರ್ಚು ಜಾಸ್ತಿಯೇನಲ್ಲ.

ಸದನದಲ್ಲಿ ಮಂಡನೆಯಾದ ವರದಿಗಳು ಸಿಎಜಿ ಜಾಲತಾಣದಲ್ಲಿ ಸಿಗುತ್ತವೆ. ನಿಮ್ಮ ಜಿಲ್ಲೆಯ ಹೆಸರಿರುವ ಪುಟ ಹುಡುಕಿ. ಶಾಸಕರು ಊರಿಗೆ ಬಂದಾಗ ಅದನ್ನು ಅವರ ಮುಂದಿಟ್ಟು, ಸಮಿತಿಯಲ್ಲಿ ಇದು ಚರ್ಚೆಗೆ ಬಂತೇ ಎಂದು ಕೇಳಿ. ನಮಸ್ಕಾರ.