ಆರೋಗ್ಯ ವಿಮೆ ಕಡ್ಡಾಯ ಮಾಡಿದ ಅಮೆರಿಕದಲ್ಲಿ ಲೆಕ್ಕ ತಪ್ಪಿದ್ದೆಲ್ಲಿ?

[ತೆರೆಯ ಮೇಲೆ: ನೂರು ಚುಕ್ಕಿ. ತೊಂಬತ್ತು ಹಸಿರು, ಹತ್ತು ಕೆಂಪು]

ನಮಸ್ಕಾರ. ಈ ನೂರು ಚುಕ್ಕಿಗಳು ನೂರು ಜನ ಅಂದುಕೊಳ್ಳಿ. ತೊಂಬತ್ತು ಮಂದಿ ಗಟ್ಟಿಮುಟ್ಟು, ವರ್ಷಕ್ಕೆ ತಲಾ 1,000 ಡಾಲರ್ ಖರ್ಚು. ಉಳಿದ ಹತ್ತು ಮಂದಿಗೆ ಕ್ಯಾನ್ಸರ್, ಡಯಾಲಿಸಿಸ್ ಇಂಥವು, ತಲಾ 50,000. ಒಟ್ಟು 5,90,000. ಸಮನಾಗಿ ಹಂಚಿದರೆ ತಲೆಗೆ 5,900.

ಸಾವಿರದ ಖರ್ಚಿರುವವನು 5,900 ಯಾಕೆ ಕಟ್ಟುತ್ತಾನೆ? ಅಂಥ ಎಂಬತ್ತು ಮಂದಿ ಹೊರಗುಳಿದರೆ ಉಳಿದ ಇಪ್ಪತ್ತು ಮಂದಿಯ ಖರ್ಚು 5,10,000.

[ಹಸಿರು ಚುಕ್ಕಿಗಳು ಒಂದೊಂದಾಗಿ ಮಾಯ. ಅಂಕಿ ಏರುತ್ತದೆ: 25,500]

ತಲೆಗೆ 25,500! ಇದು ಬರೀ ಕಾಗದದ ಲೆಕ್ಕವಲ್ಲ. ಕಾಯಿಲೆ ಇದ್ದರೂ ವಿಮೆ ನಿರಾಕರಿಸುವಂತಿಲ್ಲ, ಎಲ್ಲರಿಗೂ ಒಂದೇ ದರ ಅಂತ ನ್ಯೂಯಾರ್ಕ್ ರಾಜ್ಯ 1993ರಲ್ಲಿ ನಿಯಮ ತಂದಿತು. ಕೊಳ್ಳಲೇಬೇಕು ಅನ್ನಲಿಲ್ಲ. ಸ್ವಂತವಾಗಿ ವಿಮೆ ಕೊಳ್ಳುವವರ ಪ್ರೀಮಿಯಂ ಅಲ್ಲಿ ದೇಶದಲ್ಲೇ ಅತಿ ದುಬಾರಿಯ ಸಾಲಿಗೆ ಸೇರಿತು.

2010ರ ಒಬಾಮಾ ಕಾಯ್ದೆ ಈ ಒಲೆಗೆ ಮೂರು ಕಲ್ಲು ಇಟ್ಟಿತು: ಯಾರನ್ನೂ ನಿರಾಕರಿಸುವಂತಿಲ್ಲ, ಆದಾಯ ಕಡಿಮೆ ಇದ್ದರೆ ಸಬ್ಸಿಡಿ, ಎಲ್ಲರೂ ಕೊಳ್ಳಲೇಬೇಕು. ಇಂಥದ್ದನ್ನು ಮ್ಯಾಸಚೂಸೆಟ್ಸ್ 2006ರಲ್ಲೇ ಮಾಡಿತ್ತು.

ಆದರೆ ಫೆಡರಲ್ ಸರ್ಕಾರ ಪ್ರಜೆಗೆ ಒಂದು ವಸ್ತು ಕೊಳ್ಳು ಅಂತ ಆಜ್ಞೆ ಮಾಡಬಹುದೇ? ಹಾಗಾದರೆ ಬ್ರೊಕೊಲಿ ಕೊಳ್ಳಿ ಅಂತಲೂ ಹೇಳಬಹುದಲ್ಲ ಎಂಬ ಪ್ರಶ್ನೆಯನ್ನು ನ್ಯಾಯಮೂರ್ತಿ ಸ್ಕಾಲಿಯಾ ವಿಚಾರಣೆಯಲ್ಲೇ ಎತ್ತಿದರು. 2012ರ ಜೂನ್ 28ರಂದು ಸುಪ್ರೀಂ ಕೋರ್ಟ್ 5–4ರಲ್ಲಿ ಕಡ್ಡಾಯವನ್ನು ಉಳಿಸಿತು. ವ್ಯಾಪಾರ ನಿಯಂತ್ರಿಸುವ ಅಧಿಕಾರದಡಿ ಇದು ನಿಲ್ಲದು, ತೆರಿಗೆ ಹಾಕುವ ಅಧಿಕಾರದಡಿ ನಿಲ್ಲುತ್ತದೆ ಅಂತ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್ ಬರೆದರು.

ಈಗ ವಿಮೆ ಕೊಳ್ಳದವರಿಗೆ ಹಾಕುತ್ತಿದ್ದ ದಂಡದ ಲೆಕ್ಕ ನೋಡಿ. ಎಡವಟ್ಟಾದದ್ದು ಇಲ್ಲೇ.

[ತೆರೆಯ ಮೇಲೆ: 2016, ಒಂಟಿ ವ್ಯಕ್ತಿ, ಆದಾಯ 50,000 ಡಾಲರ್]

ನಿಯಮ: ತಲೆಗೆ 695 ಡಾಲರ್, ಇಲ್ಲವೇ ತೆರಿಗೆ ರಿಟರ್ನ್ ಸಲ್ಲಿಕೆಯ ಮಿತಿಗಿಂತ ಮೇಲಿನ ಆದಾಯದ ಶೇ 2.5. ಯಾವುದು ಹೆಚ್ಚೋ ಅದು. ಮಿತಿ 10,350. ಕಳೆದರೆ 39,650. ಅದರ ಶೇ 2.5 ಅಂದರೆ ಸುಮಾರು 991 ಡಾಲರ್. ಅದೇ ವರ್ಷ ಅಗ್ಗದ ದರ್ಜೆಯಾದ ಬ್ರಾಂಜ್ ಪ್ಲಾನಿನ ದೇಶದ ಸರಾಸರಿ ಪ್ರೀಮಿಯಂ, ತಿಂಗಳಿಗೆ 223ರಂತೆ, 2,676 ಡಾಲರ್. ಸಾಲದ್ದಕ್ಕೆ, ವಿಮೆ ಕೆಲಸಕ್ಕೆ ಬರುವ ಮೊದಲು ಕೈಯಿಂದ ತೆರಬೇಕಾದ ಡಿಡಕ್ಟಿಬಲ್ ಬೇರೆ ಸಾವಿರಗಟ್ಟಲೆ. ಆರೋಗ್ಯವಂತ ಯುವಕ ದಂಡವನ್ನೇ ಕಟ್ಟಿ ಸುಮ್ಮನಾದ. ದಂಡ ಕೊಡದಿದ್ದರೂ ತೆರಿಗೆ ಇಲಾಖೆ ಜಪ್ತಿ ಮಾಡುವಂತಿರಲಿಲ್ಲ, ರಿಫಂಡಿನಲ್ಲಿ ಹಿಡಿದುಕೊಳ್ಳಬಹುದಿತ್ತು ಅಷ್ಟೇ.

2017ರ ತೆರಿಗೆ ಕಾಯ್ದೆ ಈ ದಂಡವನ್ನು 2019ರಿಂದ ಸೊನ್ನೆ ಮಾಡಿತು. ಮಾರುಕಟ್ಟೆ ಕುಸಿಯುತ್ತದೆ ಅಂದವರು ಬಹಳ. ಕುಸಿಯಲಿಲ್ಲ. ಸಬ್ಸಿಡಿ ಇದ್ದವರ ಪಾಲಿನ ಕಂತು ಆದಾಯಕ್ಕೆ ಕಟ್ಟಿಹಾಕಿತ್ತು, ಪ್ರೀಮಿಯಂ ಏರಿದರೂ ಅವರ ಜೇಬಿಗೆ ಅಷ್ಟಾಗಿ ತಟ್ಟಲಿಲ್ಲ. ಜೊತೆಗೆ, ವಿಮೆ ಕೊಳ್ಳುವ ಬಾಗಿಲು ವರ್ಷಕ್ಕೊಮ್ಮೆ ಕೆಲವು ವಾರ ಮಾತ್ರ ತೆರೆಯುತ್ತದೆ. ಕಾಯಿಲೆ ಬಿದ್ದ ದಿನ ಓಡಿಹೋಗಿ ಕೊಳ್ಳಲಾಗದು.

ಹಾಗಾಗಿ ನಮ್ಮ ನಿಲುವು ಇದು: ಫೆಡರಲ್ ಸರ್ಕಾರ ಕಡ್ಡಾಯ ಮಾಡಬಹುದು, ಆದರೆ ಕೈಗೆಟುಕುವ ಪ್ಲಾನ್ ಮೊದಲು, ದಂಡ ಆಮೇಲೆ. ಕೊಳ್ಳಲಾಗದವನಿಗೆ ಹಾಕುವ ದಂಡ ಅನ್ಯಾಯ. 2021ರಲ್ಲಿ ಹೆಚ್ಚಿಸಿದ್ದ ಸಬ್ಸಿಡಿಯ ಅವಧಿ 2025ರ ಕೊನೆಗೆ ಮುಗಿದಿದೆ. ಹಳೆಯ ನಿಯಮದಂತೆ 2026ಕ್ಕೆ ಒಂಟಿ ವ್ಯಕ್ತಿಯ ಆದಾಯ 62,600 ಡಾಲರ್ ದಾಟಿದರೆ ಸಬ್ಸಿಡಿ ಪೂರ್ತಿ ನಿಲ್ಲುತ್ತದೆ. ಈ ಸ್ಥಿತಿಯಲ್ಲಿ ದಂಡ ವಾಪಸ್ ತರುವುದನ್ನು ನಾವು ಒಪ್ಪುವುದಿಲ್ಲ.

ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯಲ್ಲಿರುವ ಕನ್ನಡಿಗರೇ, ನಿಮ್ಮ ರಾಜ್ಯಗಳಲ್ಲಿ ದಂಡ ಇನ್ನೂ ಇದೆ. ಎಚ್‌-1ಬಿ ವೀಸಾದವರಿಗೂ ಅನ್ವಯ. ಕೆಲಸ ಹೋಗಿ ಕಂಪನಿ ವಿಮೆ ನಿಂತರೆ, ನಿಂತ ದಿನದಿಂದ 60 ದಿನದೊಳಗೆ ರಾಜ್ಯದ ವಿಮಾ ಜಾಲತಾಣದಲ್ಲಿ ಹೊಸ ಪ್ಲಾನ್ ಹಿಡಿಯಿರಿ. ತಪ್ಪಿದರೆ ಮುಂದಿನ ನವೆಂಬರ್‌ವರೆಗೆ ಕಾಯಬೇಕಾದೀತು. ಕ್ಯಾಲಿಫೋರ್ನಿಯಾದಲ್ಲಿ ಸತತ ಮೂರು ತಿಂಗಳವರೆಗಿನ ಖಾಲಿಗೆ ವಿನಾಯಿತಿ ಉಂಟು, ರಿಟರ್ನ್ ಜೊತೆ 3853 ನಮೂನೆಯಲ್ಲಿ ಅದನ್ನು ಕೇಳಿಕೊಳ್ಳಬೇಕು. ಟ್ರಾವೆಲ್ ಇನ್ಶೂರೆನ್ಸ್ ಇದೆಯಲ್ಲ ಅಂತ ನೆಚ್ಚಿಕೊಳ್ಳಬೇಡಿ, ಕಾನೂನು ಅದನ್ನು ಆರೋಗ್ಯ ವಿಮೆ ಅಂತ ಎಣಿಸುವುದಿಲ್ಲ. ಪ್ರವಾಸಿ ವೀಸಾದಲ್ಲಿ ಕೆಲವು ತಿಂಗಳಿಗೆ ಬಂದ ಅಪ್ಪ ಅಮ್ಮನಿಗೆ ಈ ದಂಡ ಬರುವುದಿಲ್ಲ.