ಅಂಗೈಯಷ್ಟು ನ್ಯಾಟ್

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಎರಡು ಪುಟ್ಟ ವಿಮಾನ ಇಟ್ಟಿದ್ದೇನೆ. ಎರಡೂ 1/72 ಅಳತೆಯವು. ನಿಜವಾದ ವಿಮಾನದ 72 ಇಂಚು ಇಲ್ಲಿ ಒಂದು ಇಂಚು. ಆರಡಿ ಎತ್ತರದ ಪೈಲಟ್ ಈ ಲೆಕ್ಕದಲ್ಲಿ ಒಂದೇ ಇಂಚು ಆಗುತ್ತಾನೆ.

ದೊಡ್ಡದು ಸೇಬರ್, 1965ರ ಯುದ್ಧದಲ್ಲಿ ಪಾಕಿಸ್ತಾನ ಹಾರಿಸಿದ ಫೈಟರ್ ಜೆಟ್. ರೆಕ್ಕೆಯ ಈ ತುದಿಯಿಂದ ಆ ತುದಿಗೆ 15 ಸೆಂಟಿಮೀಟರ್ ದಾಟುತ್ತದೆ. ಚಿಕ್ಕದು ನ್ಯಾಟ್, ಆಗ ನಮ್ಮ ವಾಯುಪಡೆ ಹಾರಿಸಿದ ಫೈಟರ್. ಒಂಬತ್ತು ಚಿಲ್ಲರೆ, ಅಷ್ಟೇ. ನನ್ನ ಅಂಗೈ ಮೇಲೆ ಆರಾಮಾಗಿ ಕೂರುತ್ತದೆ. ನ್ಯಾಟ್ ಅಂದರೆ ನೊರಜು. 1965ರಲ್ಲಿ ಸೇಬರ್ ಪೈಲಟ್‌ಗಳಿಗೆ ಇದು ಕಣ್ಣಿಗೆ ಬೀಳುವುದೇ ಕಷ್ಟ ಆಗಿತ್ತು ಅಂತ ನಾನು ಎಷ್ಟೋ ಸಲ ಓದಿದ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟ ದಿನ ಆ ಮಾತು ನಿಜವಾಗಿ ಅರ್ಥ ಆಯಿತು. ನಾನು ಮಾಡೆಲ್ ಕಟ್ಟುವುದು ಇದಕ್ಕೇ. ಓದಿದ್ದು ಕಣ್ಣಿಗೆ ಕಾಣಬೇಕು, ಕೈಗೆ ಸಿಗಬೇಕು.

ನ್ಯಾಟ್ ಇಂಗ್ಲೆಂಡಿನ ಫೋಲೆಂಡ್ ಕಂಪನಿಯದು. ವಿನ್ಯಾಸ ಮಾಡಿದವರು ಟೆಡ್ಡಿ ಪೆಟ್ಟರ್. ಮೊದಲು ಹಾರಿದ್ದು 1955ರಲ್ಲಿ. ಆದರೆ ಬ್ರಿಟಿಷ್ ವಾಯುಪಡೆ ಒಂದೇ ಸೀಟಿನ ಈ ಫೈಟರ್ ತೆಗೆದುಕೊಳ್ಳಲಿಲ್ಲ. ಎರಡು ಸೀಟಿನ ತರಬೇತಿ ವಿಮಾನವನ್ನಷ್ಟೇ ಇಟ್ಟುಕೊಂಡಿತು. ಫೈಟರ್ ನ್ಯಾಟ್ ನಿಜವಾದ ಬಾಳು ಬಾಳಿದ್ದು ನಮ್ಮಲ್ಲಿ. ಪರವಾನಗಿ ಪಡೆದು ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ಇದನ್ನು ತಯಾರು ಮಾಡಿದರು. ಆಮೇಲೆ ಅಲ್ಲೇ ಸುಧಾರಿಸಿ ಅಜೀತ್ ಮಾಡಿದರು. ಅಜೀತ್‌ನಲ್ಲಿ ಇಂಧನ ರೆಕ್ಕೆಯ ಒಳಗೇ ಹೋಯಿತು, ರೆಕ್ಕೆಯ ಅಡಿ ಆಯುಧಗಳಿಗೆ ಜಾಗ ಬಿಡುವಾಯಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಸೇಬರ್‌ಗಳು ದಾಳಿ ಮಾಡುತ್ತಿದ್ದಾಗ, ಬಾಂಬ್ ಬೀಳುತ್ತಿದ್ದ ರನ್‌ವೇಯಿಂದಲೇ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಮೇಲೆದ್ದದ್ದು ಇಂಥದೇ ನ್ಯಾಟ್‌ನಲ್ಲಿ. ಅವರು ಹಿಂತಿರುಗಲಿಲ್ಲ. ವಾಯುಪಡೆಗೆ ಬಂದಿರುವ ಪರಮವೀರ ಚಕ್ರ ಅವರದೊಂದೇ.

ಈಗ ಕಿಟ್ ವಿಷಯಕ್ಕೆ ಬರೋಣ. ಕಿಟ್ ಅಂದರೆ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆ. ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಏರ್‌ಫಿಕ್ಸ್ ಕಂಪನಿಯ ನ್ಯಾಟ್ ಕಿಟ್ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಅದು ಬ್ರಿಟಿಷ್ ವಾಯುಪಡೆಯ ಕಸರತ್ತು ತಂಡ ರೆಡ್ ಆರೋಸ್‌ನ ಕೆಂಪು ವಿಮಾನ, ಎರಡು ಸೀಟಿನದು. ಹಿಂದಿನ ಸೀಟು ತೆಗೆದು ಬೆಳ್ಳಿ ಬಣ್ಣ ಹೊಡೆದರೆ ನಮ್ಮ ನ್ಯಾಟ್ ಆಗುತ್ತದೆ ಅಂದುಕೊಳ್ಳಬೇಡಿ. ತರಬೇತಿ ವಿಮಾನದ ಮೈ ಉದ್ದ, ರೆಕ್ಕೆಯೂ ದೊಡ್ಡದು, ಬಾಲ ಬೇರೆ. ನಮಗೆ ಬೇಕಾದ ಒಂದು ಸೀಟಿನ ನ್ಯಾಟ್ ಮತ್ತು ಅಜೀತ್ ಎರಡನ್ನೂ ಚೆಕ್ ದೇಶದ ಸ್ಪೆಷಲ್ ಹಾಬಿ ಮಾಡಿದೆ. ಇಂಥ ಕಿಟ್‌ಗಳಲ್ಲಿ ಭಾಗಗಳು ತಾವಾಗಿ ಕೂರುವುದಿಲ್ಲ. ಅಂಟು ಹಾಕುವ ಮುಂಚೆ ಪ್ರತಿ ತುಂಡನ್ನೂ ಜೋಡಿಸಿ ನೋಡಬೇಕು, ಉಜ್ಜಬೇಕು, ಮತ್ತೆ ಜೋಡಿಸಬೇಕು. ನನಗಂತೂ ಅತಿ ಇಷ್ಟದ ಕೆಲಸ ಅದೇ.

ಮೈ ಎರಡು ಹೋಳು ಸೇರಿಸುವ ಮುಂಚೆ ಮೂತಿಗೆ ತೂಕ ಹಾಕಿ. ಮರೆತರೆ ವಿಮಾನ ಬಾಲ ಊರಿ ಕೂರುತ್ತದೆ, ಆಮೇಲೆ ಅದಕ್ಕೆ ಪರಿಹಾರ ಇಲ್ಲ. ನ್ಯಾಟ್‌ನ ಮೂತಿಯಲ್ಲಿ ಜಾಗ ತೀರಾ ಕಮ್ಮಿ. ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನು ಸುತ್ತಿಗೆಯಲ್ಲಿ ಚಪ್ಪಟೆ ಮಾಡಿ ಕಾಕ್‌ಪಿಟ್ ನೆಲದ ಅಡಿ ಒತ್ತಿ. ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ.

ಈಗ ಹೊಟ್ಟೆಯ ಕಡೆ ನೋಡಿ, ಚಕ್ರದ ಬಾಗಿಲುಗಳು. ನ್ಯಾಟ್‌ನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಇಷ್ಟು ಚಿಕ್ಕ ವಿಮಾನದಲ್ಲಿ ಬೇರೆ ಏರ್‌ಬ್ರೇಕ್ ಇಡುವ ಬದಲು ಪೆಟ್ಟರ್ ಚಕ್ರಗಳನ್ನೇ ಬಳಸಿಕೊಂಡರು. ಹಾರುತ್ತಿರುವಾಗ ಚಕ್ರಗಳನ್ನು ಸ್ವಲ್ಪ ಇಳಿಸಿದರೆ ಬಾಗಿಲುಗಳು ಗಾಳಿಗೆ ಅಡ್ಡ ನಿಂತು ವೇಗ ತಗ್ಗಿಸುತ್ತಿದ್ದವು. ಒಂದೇ ಬಾಗಿಲು, ಎರಡು ಕೆಲಸ. ಇದು ಗೊತ್ತಾದ ಮೇಲೆ ಆ ಬಾಗಿಲನ್ನು ಅಂದಾಜಿಗೆ ಅಂಟಿಸಲು ಮನಸ್ಸು ಬರುತ್ತದೆಯೇ? ನಾನು ಹಳೆಯ ಫೋಟೊಗಳನ್ನು ಮುಂದಿಟ್ಟುಕೊಂಡು, ಕೋನ ನೋಡಿ, ಎರಡು ಸಲ ಕಿತ್ತು ಕೂರಿಸಿದ್ದೇನೆ. ಬಾಗಿಲಿನ ದಪ್ಪವನ್ನೂ ನೋಡಿ. ಪ್ಲಾಸ್ಟಿಕ್‌ನಲ್ಲಿ ಒಂದು ಮಿಲಿಮೀಟರ್ ದಪ್ಪ ಇದ್ದರೆ ನಿಜದಲ್ಲಿ ಅದು ಏಳು ಸೆಂಟಿಮೀಟರ್! ಒಳಬದಿಯಿಂದ ಉಜ್ಜಿ ಅಂಚನ್ನು ತೆಳ್ಳಗೆ ಮಾಡಬೇಕು. ರೆಕ್ಕೆಯ ಹಿಂದಿನ ಅಂಚಿಗೂ ಇದೇ ಲೆಕ್ಕ.

ಈ 72ರ ಲೆಕ್ಕ ತಲೆಯಲ್ಲಿ ಇದ್ದರೆ ಎಷ್ಟೋ ತಪ್ಪು ತಪ್ಪುತ್ತದೆ. ಪ್ಯಾನೆಲ್ ಲೈನ್‌ಗಳನ್ನೇ, ಅಂದರೆ ತಗಡುಗಳು ಸೇರುವ ಕಡೆಯ ಗೆರೆಗಳನ್ನೇ, ತೆಗೆದುಕೊಳ್ಳಿ. ನನ್ನ ಮೊದಲ ನ್ಯಾಟ್‌ನಲ್ಲಿ ಎಲ್ಲ ಗೆರೆಗಳಿಗೂ ಕಪ್ಪು ಬಣ್ಣ ತುಂಬಿದ್ದೆ. ದೂರದಿಂದ ಚೆನ್ನಾಗಿಯೇ ಕಂಡಿತು. ಆಮೇಲೆ ಲೆಕ್ಕ ಹಾಕಿದೆ. ಗೆರೆ 0.3 ಮಿಲಿಮೀಟರ್ ಅಗಲ. 72ರಿಂದ ಗುಣಿಸಿದರೆ ಎರಡು ಸೆಂಟಿಮೀಟರ್‌ಗೂ ಜಾಸ್ತಿ. ತಗಡು ತಗಡಿನ ನಡುವೆ ಬೆರಳು ತೂರುವಷ್ಟು ಸಂದು ಇರುವ ಜೆಟ್ ಎಲ್ಲಾದರೂ ಹಾರುತ್ತದೆಯೇ? ಈಗ ಗೆರೆಗೆ ತಿಳಿ ಬೂದು ಬಣ್ಣವನ್ನು ನೀರಾಗಿ ಕಲಸಿ ಹಚ್ಚುತ್ತೇನೆ, ಮುಕ್ಕಾಲು ಪಾಲು ಒರೆಸಿಬಿಡುತ್ತೇನೆ. ತೆರೆದು ಮುಚ್ಚುವ ಮುಚ್ಚಳಗಳ ಸುತ್ತ ಮಾತ್ರ ಸ್ವಲ್ಪ ಗಾಢ. ಅಲ್ಲಿ ದಿನಾ ಮೆಕ್ಯಾನಿಕ್‌ನ ಎಣ್ಣೆ ಕೈ ಆಡುತ್ತದೆ, ಅಲ್ವಾ?

ಬಣ್ಣದ ಬಗ್ಗೆ ಎರಡು ಮಾತು. 1965ರ ಫೋಟೊಗಳಲ್ಲಿ ನ್ಯಾಟ್ ಬರೀ ಲೋಹದ ಹಾಗೆ ಹೊಳೆಯುತ್ತದೆ. ಈ ಹೊಳಪು ಯಾವ ತಪ್ಪನ್ನೂ ಮುಚ್ಚುವುದಿಲ್ಲ. ಹೋಳುಗಳು ಸೇರಿದ ಕಡೆ ಕೂದಲೆಳೆಯಷ್ಟು ಬಿರುಕು ಉಳಿದರೂ ಬೆಳ್ಳಿ ಬಣ್ಣದ ಅಡಿ ಎದ್ದು ಕಾಣುತ್ತದೆ. ಪುಟ್ಟಿ ಹಾಕಿ 400, 800, 1500 ನಂಬರಿನ ಸ್ಯಾಂಡ್ ಪೇಪರ್‌ಗಳಿಂದ ನೀರು ಹಚ್ಚಿ ಉಜ್ಜಿ. ಆಮೇಲೆ ಹೊಳೆಯುವ ಕಪ್ಪು ಬಣ್ಣದ ತೆಳು ಲೇಪ. ಅದು ಕನ್ನಡಿಯ ಹಾಗೆ ಒಣಗಿದ ಮೇಲಷ್ಟೇ ಏರ್‌ಬ್ರಷ್‌ನಲ್ಲಿ, ಅಂದರೆ ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿನಂಥ ಸಾಧನದಲ್ಲಿ, ಲೋಹದ ಬಣ್ಣ. ಎಂಜಿನ್ ಇರುವ ಹಿಂಭಾಗದ ಒಂದೆರಡು ತಗಡುಗಳನ್ನು ಚೂರು ಕಂದು ಮಾಡಿ. ಮಸಿ, ತುಕ್ಕು, ಕೆಸರು ಅಂತ ಎಲ್ಲ ಕಡೆ ಬಳಿಯುವುದು ಈಗ ಜಾಸ್ತಿ ಆಗಿದೆ. ನನಗೆ ಅದು ಒಪ್ಪಿಗೆ ಇಲ್ಲ. ಸೇವೆಯಲ್ಲಿದ್ದ ವಿಮಾನವನ್ನು ನೆಲದ ಸಿಬ್ಬಂದಿ ಮಗುವಿನ ಹಾಗೆ ಒರೆಸಿ ಇಟ್ಟುಕೊಂಡಿರುತ್ತಿದ್ದರು. ಅವರ ದುಡಿಮೆಯೂ ಮಾಡೆಲ್‌ನಲ್ಲಿ ಕಾಣಬೇಕು.

ಡೆಕಾಲ್, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ಗುರುತಿನ ಚಿತ್ರ, ಸುಲಭ. ಕೆಳಗಿನ ಮೈ ನುಣ್ಣಗಿರಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಬಿಳಿಚಿಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಕುಂಚದಿಂದ ಜಾರಿಸಿ, ವಾಯುಪಡೆಯ ಕೇಸರಿ ಬಿಳಿ ಹಸಿರು ವೃತ್ತ ನೆಟ್ಟಗೆ ಕೂತಿತೇ ಅಂತ ತಲೆ ಓರೆ ಮಾಡಿ ನೋಡಿ.

ನನ್ನ ಮಾತು ಇಷ್ಟೇ. ಈಗ ಹತ್ತಿರ ಬನ್ನಿ, ಒಬ್ಬೊಬ್ಬರಾಗಿ ಕೈಗೆ ತೆಗೆದುಕೊಂಡು ನೋಡಿ. ರೆಕ್ಕೆ ಹಿಡಿದು ಎತ್ತಬೇಡಿ, ಹೊಟ್ಟೆಯ ಅಡಿ ಬೆರಳು ಕೊಡಿ. ನ್ಯಾಟ್ ಅನ್ನು ತಿರುಗಿಸಿ ಆ ಬಾಗಿಲುಗಳನ್ನು ತಪ್ಪದೆ ನೋಡಿ.