ಡ್ರೈ ಫ್ರೂಟ್ಸ್ ಡಬ್ಬಿ, ಹಲಸಿನ ಪಟ್ಟಿ, ಮೂರು ತಂತಿ: ಮನೆಯಲ್ಲೇ ಮಾಡುವ ಗಿಟಾರ್

[ದೃಶ್ಯ: ಮರದ ಡಬ್ಬಿಯ ಗಿಟಾರ್, ತೀರಾ ಹತ್ತಿರದಿಂದ. ಹೆಬ್ಬೆರಳು ಮೂರೂ ತಂತಿಗಳನ್ನು ಒಟ್ಟಿಗೆ ಮೀಟುತ್ತದೆ.]

ಕೇಳಿಸಿತಾ? ಸ, ಪ, ಮೇಲಿನ ಸ. ಈ ನಾದ ಬರುತ್ತಿರುವುದು ದೀಪಾವಳಿಗೆ ಉಡುಗೊರೆಯಾಗಿ ಬಂದ ಒಂದು ಡ್ರೈ ಫ್ರೂಟ್ಸ್ ಡಬ್ಬಿಯಿಂದ. ಗೋಡಂಬಿ, ದ್ರಾಕ್ಷಿ ಯಾವತ್ತೋ ಖಾಲಿಯಾಯಿತು, ಡಬ್ಬಿ ಮಾತ್ರ ಉಳಿದಿತ್ತು.

ಎಲ್ಲರಿಗೂ ನಮಸ್ಕಾರ, ತುಮಕೂರಿನಿಂದ. ಇವತ್ತಿನ ವಿಷಯ ಸಿಗಾರ್ ಬಾಕ್ಸ್ ಗಿಟಾರ್, ಅಂದರೆ ಸಿಗಾರ್ ತುಂಬಿ ಮಾರುವಂಥ ಮರದ ಪೆಟ್ಟಿಗೆಗೆ ಕೋಲು, ತಂತಿ ಕಟ್ಟಿ ಮಾಡುವ ಗಿಟಾರ್. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಮೊದಲ ದಿನವೇ ನುಡಿಸಬಹುದು, ಮಕ್ಕಳ ಕೈಗೆ ಧೈರ್ಯವಾಗಿ ಕೊಡಬಹುದು. ಈ ಕೊನೆಯ ಮಾತೇ ನನಗೆ ಎಲ್ಲಕ್ಕಿಂತ ಮುಖ್ಯ. ಎಷ್ಟೋ ಮನೆಗಳಲ್ಲಿ ವೀಣೆಯೋ ಹಾರ್ಮೋನಿಯಮ್ಮೋ ಇರುತ್ತದೆ, ಬಟ್ಟೆ ಹೊದಿಸಿ ಇಟ್ಟಿರುತ್ತಾರೆ. ಮಗು ಹತ್ತಿರ ಹೋದರೆ ಸಾಕು, "ಏಯ್, ಮುಟ್ಟಬೇಡ!" ದುಬಾರಿ ವಾದ್ಯ, ಹಿರಿಯರ ಭಯ ಅರ್ಥವಾಗುತ್ತದೆ. ಆದರೆ ಮುಟ್ಟದೆ ಸಂಗೀತದ ರುಚಿ ಹತ್ತುವುದು ಹೇಗೆ?

[ದೃಶ್ಯ: ಹಳೆಯ ಸಿಗಾರ್ ಪೆಟ್ಟಿಗೆಯ ರೇಖಾಚಿತ್ರ]

ಇದು ಹುಟ್ಟಿದ್ದು 19ನೇ ಶತಮಾನದ ಅಮೆರಿಕದಲ್ಲಿ. 1860ರ ದಶಕದಲ್ಲಿ ಅಲ್ಲಿನ ಸರ್ಕಾರ ಒಂದು ನಿಯಮ ತಂದಿತು. ಸಿಗಾರ್‌ಗಳನ್ನು ಪೆಟ್ಟಿಗೆಯಲ್ಲಿಟ್ಟು, ತೆರಿಗೆಯ ಚೀಟಿ ಅಂಟಿಸಿಯೇ ಮಾರಬೇಕು. ಅದೇ ಪೆಟ್ಟಿಗೆಗೆ ಮತ್ತೆ ಸಿಗಾರ್ ತುಂಬುವ ಹಾಗಿಲ್ಲ. ಹಾಗಾಗಿ ತೆಳುವಾದ ಮರದ ಖಾಲಿ ಪೆಟ್ಟಿಗೆಗಳು ಎಲ್ಲೆಲ್ಲೂ ಸಿಗತೊಡಗಿದವು. ಕಾಸಿಲ್ಲದವರು ಅದಕ್ಕೊಂದು ಕೋಲು ಸಿಕ್ಕಿಸಿ ತಂತಿ ಬಿಗಿದರು. ಅಲ್ಲಿನ ಅಂತರ್ಯುದ್ಧದ ಸೈನಿಕರ ಬಿಡಾರದಲ್ಲಿ ಇಂಥ ಪೆಟ್ಟಿಗೆಯ ಪಿಟೀಲು ನುಡಿಸುತ್ತಿರುವವನನ್ನು ಎಡ್ವಿನ್ ಫೋರ್ಬ್ಸ್ ಎಂಬ ಕಲಾವಿದ ಚಿತ್ರಿಸಿದ್ದಾನೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರ ಮನೆಗಳಲ್ಲಿ ಇದು ಮತ್ತೆ ಕಾಣಿಸಿಕೊಂಡಿತು. ಬ್ಲೂಸ್ ಎಂಬ ಹಾಡಿನ ಪ್ರಕಾರವನ್ನು ಹಾಡಿದ ಅಲ್ಲಿನ ಕಪ್ಪು ಜನರ ಬದುಕಿನಲ್ಲಿ ಇಂಥ ಕೈವಾದ್ಯಗಳಿಗೆ ದೊಡ್ಡ ಜಾಗವಿದೆ. ಅದಕ್ಕೂ ಬಹಳ ಹಿಂದೆ, ಗುಲಾಮರನ್ನಾಗಿ ಮಾಡಿ ಆಫ್ರಿಕಾದಿಂದ ಎಳೆದು ತಂದ ಅವರ ಹಿರಿಯರು ಸೋರೆ ಬುರುಡೆಗೆ ಚರ್ಮ ಬಿಗಿದು, ಕೋಲು ಕಟ್ಟಿ ನುಡಿಸುತ್ತಿದ್ದರು. ಈಗಿನ ಬ್ಯಾಂಜೊ ಎಂಬ ತಂತಿವಾದ್ಯ ಅದರಿಂದಲೇ ಬಂದದ್ದು.

ಬುರುಡೆ, ಕೋಲು, ತಂತಿ. ತತ್ವಪದ ಹಾಡುವವರ ಏಕತಾರಿ ಕೂಡ ಅದೇ ಅಲ್ವಾ! ನಮ್ಮ ಶಿರಾ ಕಡೆ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ಊದುವ ಗಣೆಯೂ ಬಿದಿರಿನದೇ. ಸುತ್ತಮುತ್ತ ಸಿಕ್ಕಿದ್ದರಲ್ಲಿ ವಾದ್ಯ ಮಾಡುವುದು ನಮಗೇನೂ ಹೊಸದಲ್ಲ.

[ದೃಶ್ಯ: ಮೇಜಿನ ಮೇಲೆ ಡಬ್ಬಿ, ಮರದ ಪಟ್ಟಿ, ಉಳಿ, ಉಪ್ಪು ಕಾಗದ, ಗಿಟಾರ್ ತಂತಿ]

ಈಗ ಮಾಡೋಣ. ಸಿಗಾರ್ ಪೆಟ್ಟಿಗೆ ನಮ್ಮೂರಲ್ಲಿ ಸಿಗುವುದು ಕಷ್ಟ, ಅದೇ ಬೇಕು ಅಂತೇನೂ ಇಲ್ಲ. ಮುಚ್ಚಳ ತೆಳು ಇರುವ ಯಾವ ಮರದ ಡಬ್ಬಿಯಾದರೂ ಆಗುತ್ತದೆ. ಬೆರಳ ಗೆಣ್ಣಿನಿಂದ ಮುಚ್ಚಳ ತಟ್ಟಿ ನೋಡಿ. ಸದ್ದು ಸ್ವಲ್ಪ ಹೊತ್ತು ಗುಂಯ್ ಅಂದರೆ ಒಳ್ಳೆಯ ಡಬ್ಬಿ. ಟಕ್ ಅಂತ ಅಲ್ಲೇ ನಿಂತರೆ ಮರ ದಪ್ಪ ಇದೆ, ಬೇರೆ ಹುಡುಕಿ.

ಕುತ್ತಿಗೆಗೆ ಮರದ ಪಟ್ಟಿ ಬೇಕು. ಮೂರಡಿ ಉದ್ದ, ಒಂದೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಸಾಮಿಲ್‌ಗೆ ಹೋಗಿ ಈ ಅಳತೆ ಹೇಳಿದರೆ ಉಳಿಕೆ ತುಂಡಿನಲ್ಲೇ ಸೀಳಿಕೊಡುತ್ತಾರೆ. ನನ್ನ ಆಯ್ಕೆ ಹಲಸು. ವೀಣೆ ಮಾಡುವುದು ಹಲಸಿನ ಮರದಲ್ಲಿ, ನಮ್ಮ ತುಮಕೂರು ಜಿಲ್ಲೆಯಂತೂ ಹಲಸಿನ ಸೀಮೆ. ಹಳೆಯ ಬಾಗಿಲು, ಕಿಟಕಿ ಕಿತ್ತ ಮರ ಸಿಕ್ಕರೆ ಇನ್ನೂ ಒಳ್ಳೆಯದು. ಅದು ಚೆನ್ನಾಗಿ ಒಣಗಿರುತ್ತದೆ, ಮುಂದೆ ಸೊಟ್ಟಗಾಗುವುದಿಲ್ಲ. ಎಳೆ ಉದ್ದಕ್ಕೂ ನೇರ ಇದೆಯಾ, ಗಂಟು ಇಲ್ಲವಾ ಅಂತ ನೋಡಿಕೊಳ್ಳಿ.

[ದೃಶ್ಯ: ಡಬ್ಬಿ ತೆರೆದಿದೆ. ಪಟ್ಟಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾದುಹೋಗಿದೆ. ಉಳಿಯಿಂದ ಮರ ಕೆತ್ತುವ ಕೈ.]

ಇಲ್ಲಿ ಸ್ವಲ್ಪ ನಿಧಾನ. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಮೂರು ತಂತಿ ಸೇರಿ 20ರಿಂದ 30 ಕಿಲೋ ಎಳೆಯುತ್ತವೆ. ಒಂದು ಅಕ್ಕಿ ಮೂಟೆ ನೇತುಹಾಕಿದ ಹಾಗೆ. ಪಟ್ಟಿಯನ್ನು ಡಬ್ಬಿಯ ಒಂದು ಬದಿಗೆ ಸುಮ್ನೆ ಅಂಟಿಸಿದರೆ ಕಿತ್ತು ಬರುತ್ತದೆ. ಅದಕ್ಕೇ ಪಟ್ಟಿ ಡಬ್ಬಿಯೊಳಗಿಂದ ಹಾದು ಆ ಬದಿಗೆ ಚಾಚಿಕೊಂಡಿರಬೇಕು. ಭಾರವನ್ನೆಲ್ಲ ಪಟ್ಟಿಯೇ ಹೊರುತ್ತದೆ, ಡಬ್ಬಿ ಹಾಡುವುದಕ್ಕೆ ಮಾತ್ರ. ಆದರೆ ಪಟ್ಟಿ ಮುಚ್ಚಳಕ್ಕೆ ತಾಗಿದರೆ ಮುಚ್ಚಳ ಅದುರುವುದಿಲ್ಲ, ಸದ್ದು ಸತ್ತುಹೋಗುತ್ತದೆ. ಹಾಗಾಗಿ ಮುಚ್ಚಳದ ಕೆಳಗೆ ಬರುವ ಭಾಗವನ್ನು ಸುಮಾರು 3 ಮಿಲಿಮೀಟರ್ ಕೆತ್ತಿ ತೆಗೆಯಿರಿ. ಉಳಿ ಹಿಡಿದು ಸಣ್ಣ ಸಣ್ಣ ಚಕ್ಕೆ ಎಬ್ಬಿಸಿ. ಹಲಸಿನ ಮರ ಒಳಗೆ ಅರಿಶಿನ ಬಣ್ಣ, ಕೆತ್ತುವಾಗ ನೋಡುವುದೇ ಒಂದು ಖುಷಿ. ಆಮೇಲೆ ಮುಚ್ಚಳ ಹಾಕಿ ಮತ್ತೆ ತಟ್ಟಿ. ಮೊದಲಿನ ಗುಂಯ್ ಉಳಿದಿದ್ದರೆ ಗೆದ್ದಿರಿ.

ಉಳಿದದ್ದು ಸುಲಭ. ತುದಿಯಲ್ಲಿ ತಂತಿ ಬಿಗಿಯುವ ಮೂರು ಟ್ಯೂನಿಂಗ್ ಕೀ, ಹಿಂದಿನ ತುದಿಯಲ್ಲಿ ತಂತಿ ಪೋಣಿಸಲು ಮೂರು ತೂತು. ಮುಚ್ಚಳದ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಗೆ ಒಂದು ಬೋಲ್ಟ್ ಸಾಕು. ಕೀಗಳ ಹತ್ತಿರ ತಂತಿ ಕೂರುವಲ್ಲಿ ಇನ್ನೊಂದು ಬೋಲ್ಟ್. ಈ ಎರಡು ಬೋಲ್ಟ್‌ಗಳ ನಡುವೆ ಸರಿಯಾಗಿ 60 ಸೆಂಟಿಮೀಟರ್ ಇರಲಿ. ಯಾಕೆ 60 ಅಂತ ಈಗ ಹೇಳುತ್ತೇನೆ.

[ದೃಶ್ಯ: ಶಾಲೆಯ ಸ್ಕೇಲ್, ಪೆನ್ಸಿಲ್, ಕುತ್ತಿಗೆಯ ಮೇಲೆ ಗೆರೆಗಳು]

ತಂತಿಯನ್ನು ಸರಿ ಅರ್ಧಕ್ಕೆ ಒತ್ತಿದರೆ ಮೇಲಿನ ಸ. ಮೂರನೇ ಒಂದು ಭಾಗ ಬಿಟ್ಟು ಒತ್ತಿದರೆ ಪ. ನಾಲ್ಕನೇ ಒಂದು ಭಾಗ ಬಿಟ್ಟರೆ ಮ. ಉದ್ದ 60 ಇದ್ದರೆ ಈ ಲೆಕ್ಕ ಸ್ಕೇಲಿನ ಮೇಲೆ ಚೊಕ್ಕವಾಗಿ ಕೂರುತ್ತದೆ. ಕೀ ಕಡೆಯ ಬೋಲ್ಟ್‌ನಿಂದ ಅಳೆಯಿರಿ. ರಿ 6.7 ಸೆಂಟಿಮೀಟರ್, ಗ 12, ಮ 15, ಪ 20, ದ 24, ನಿ 28, ಮೇಲಿನ ಸ 30. ಶಂಕರಾಭರಣ ರಾಗದ ಸ್ವರಗಳೆಲ್ಲ ಮಕ್ಕಳ ಕಂಪಾಸ್ ಬಾಕ್ಸ್‌ನ ಸ್ಕೇಲಿನಲ್ಲೇ ಸಿಕ್ಕಿಬಿಟ್ಟವು! ಮ, ನಿ ಬಿಟ್ಟರೆ ಮೋಹನ ರಾಗ. ಗಣಿತ ಅಂದರೆ ಮುಖ ಸಿಂಡರಿಸುವ ಮಕ್ಕಳಿಗೆ ಇದನ್ನೊಮ್ಮೆ ತೋರಿಸಿ ನೋಡಿ.

ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಲಾಗಿ ಇರುವ ಲೋಹದ ಮೆಟ್ಟುಗಳನ್ನು ಹೊಡೆಯಲೇಬೇಕು ಅಂತಿಲ್ಲ, ಗೆರೆ ಸಾಕು. ತಂತಿಯ ಮೇಲೆ ಜಾರಿಸಲು ಟಾನಿಕ್ ಬಾಟಲಿ ಅಥವಾ ಗ್ಯಾರೇಜಿನವರ ಸ್ಪ್ಯಾನರ್ ಸಾಕೆಟ್ ಇರಲಿ. ತಂತಿಯನ್ನು ಒತ್ತಬೇಡಿ, ಸರಿಯಾಗಿ ಗೆರೆಯ ಮೇಲೆ ತಾಗಿಸಿ ಹಿಡಿಯಿರಿ. ನಮ್ಮ ಗೋಟುವಾದ್ಯ ನುಡಿಸುವ ರೀತಿಯೂ ಇದೇ. ಗಮಕಗಳು ಜಾರಿಕೊಂಡು ಬರುತ್ತವೆ.

ಗಿಟಾರ್ ತಂತಿಯ ಸೆಟ್‌ನಲ್ಲಿ ಐದು, ನಾಲ್ಕು, ಮೂರನೇ ತಂತಿ ತೆಗೆದುಕೊಳ್ಳಿ. ಐದನೆಯದನ್ನು ಜಿ ಸ್ವರಕ್ಕೆ ಇಳಿಸಿ. ಉಳಿದೆರಡು ಡಿ, ಜಿ, ಗಿಟಾರಿನಲ್ಲಿ ಇರುವ ಹಾಗೆಯೇ. ಇದೇ ಸ, ಪ, ಸ. ಕರ್ನಾಟಕ ಸಂಗೀತದವರು ಹೇಳುವ ಐದನೇ ಶ್ರುತಿ. ಫೋನಿನ ಶ್ರುತಿ ಆ್ಯಪ್ ಹಾಕಿಕೊಂಡು ಕೂಡಿಸಿ.

[ದೃಶ್ಯ: ಜಗಲಿ. ಗಿಟಾರ್ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ.]

ಇದರಲ್ಲಿ ಅಪಸ್ವರ ಬರುವುದು ಕಡಿಮೆ. ಏನೂ ಒತ್ತದೆ ಮೀಟಿದರೂ ತಂಬೂರಿಯ ಹಾಗೆ ಶ್ರುತಿ ಸಿಗುತ್ತದೆ. ನಮ್ಮ ಬೀದಿಯ ಒಬ್ಬರು ಅಜ್ಜಿಗೆ ಕೊಟ್ಟಿದ್ದೆ. "ನಂಗೆಲ್ಲಿ ಬರುತ್ತಪ್ಪ ಇದೆಲ್ಲ" ಅಂದರು. "ಅಜ್ಜಿ, ಸುಮ್ನೆ ಮೇಲಿಂದ ಕೆಳಕ್ಕೆ ಮೀಟಿ ಸಾಕು" ಅಂದೆ. ಹೆಬ್ಬೆರಳಲ್ಲಿ ಮೀಟಿದರು, ಇನ್ನೊಂದು ಸಲ ಮೀಟಿದರು. ತಂತಿಯ "ಸ" ಸ್ವರಕ್ಕೆ ಗಂಟಲು ತಾನಾಗಿ ಹೊಂದಿಕೊಂಡಿತು. ಮದುವೆ ಮನೆಯ ಸೋಬಾನೆ ಪದ ಒಂದನ್ನು ಪೂರ್ತಿ ಹಾಡಿದರು, ಎಡಗೈ ಕುತ್ತಿಗೆಯ ಕಡೆ ಹೋಗಲೇ ಇಲ್ಲ. ಮೊಮ್ಮಗಳು ಪಕ್ಕದಲ್ಲಿ ಕೂತು 15, 20ರ ಗೆರೆಗಳ ಮೇಲೆ ಬಾಟಲಿ ಇಟ್ಟು ಇಟ್ಟು ತೆಗೆಯುತ್ತಿದ್ದಳು. "ಮುಟ್ಟಬೇಡ" ಅಂತ ಯಾರೂ ಅನ್ನಲಿಲ್ಲ. ಗೀರು ಬಿದ್ದರೆ ಉಪ್ಪು ಕಾಗದ ಇದೆ, ಡಬ್ಬಿ ಒಡೆದರೆ ಇನ್ನೊಂದು ಡಬ್ಬಿ ಇದೆ.

ಮಾಡಿದ್ದನ್ನು ಕೊಟ್ಟುಬಿಡುವುದು ಈ ಹವ್ಯಾಸದ ದೊಡ್ಡ ಸಂತೋಷ. ಕೊಡುವಾಗ ಡಬ್ಬಿಯ ಹಿಂದೆ ಯಾವ ತಂತಿ ಯಾವ ಸ್ವರ ಅಂತ ಬರೆದುಕೊಡಿ. ಶ್ರುತಿ ಕೂಡಿಸಲು ಬಾರದೆ ಎಷ್ಟೋ ವಾದ್ಯಗಳು ಮೂಲೆ ಸೇರುತ್ತವೆ.

ಕೀ ಸೆಟ್‌ನಲ್ಲಿ ಆರು ಕೀ ಇರುತ್ತವೆ, ಮೂರು ಉಳಿಯಿತು. ತಂತಿಯೂ ಮೂರು ಉಳಿಯಿತು. ಒಂದು ಬಿಸ್ಕೆಟ್ ಡಬ್ಬ, ಒಂದು ಪಟ್ಟಿ, ಒಂದು ಕೀ, ಉಳಿದ ತಂತಿಗಳಲ್ಲಿ ಒಂದು. ಅದೇ 60 ಸೆಂಟಿಮೀಟರ್, ಅವೇ ಗೆರೆಗಳು. ಪಕ್ಕದ ಮನೆಯ ಮಗುವನ್ನು ಕರೆದು ಗೆರೆ ಎಳೆಯುವ ಕೆಲಸ ಅದಕ್ಕೇ ಬಿಡಿ. ತಂತಿ ಬಿಗಿಯುವುದು ಮಾತ್ರ ದೊಡ್ಡವರೇ ಮಾಡಿ, ಆಗ ಮಗುವಿನ ಮುಖ ದೂರ ಇರಲಿ. ತಂತಿ ಹರಿದರೆ ಕಣ್ಣಿಗೆ ಹೊಡೆಯುತ್ತದೆ.

ಮುಂದಿನ ವಿಡಿಯೋದಲ್ಲಿ ಮುಚ್ಚಳದ ಒಳಗೆ, ಅದುರುವಿಕೆಯನ್ನು ವಿದ್ಯುತ್ತಾಗಿ ಬದಲಿಸುವ ಪೀಜೋ ಬಿಲ್ಲೆ ಅಂಟಿಸಿ, ಇದನ್ನು ಸ್ಪೀಕರ್‌ಗೆ ಕೊಡುವುದು ಹೇಗೆ ಅಂತ ತೋರಿಸುತ್ತೇನೆ. ಗಣೇಶನ ಹಬ್ಬದ ಪೆಂಡಾಲಿನಲ್ಲಿ ನುಡಿಸಬೇಕು ಅನ್ನುವವರಿಗೆ ಅದು ಬೇಕೇ ಬೇಕು.